ಕೆರೆಯನ್ನು ಬಳಸಿ ಒಂದು ನಡಿಗೆ

ಮಲೆನಾಡಿನ ಸಂಚಾರವೆಂದರೆ ಬೆಟ್ಟವನ್ನೇರುವುದು ಎಂದು ಭಾವಿಸುವವರು ಅನೇಕರು. ಚಿಕ್ಕಮಗಳೂರಿಗೆ ಬಂದವರು ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆಗೇ ಮೊದಲು ಮುಖಮಾಡುತ್ತಾರೆ. ಏದುಸಿರು ಬಿಡದೆ, ಕಂಡದ್ದನ್ನು ವಿಚಾರಮಾಡುತ್ತ ನಡೆಯಬೇಕೆಂಬವರಿಗೆ ಕೆರೆಯಂಚಿನ ದಾರಿಯೇ ಲೇಸು. ಪಟ್ಟಣದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಬೆಟ್ಟಗಳ ನಡುವೆ ಇರುವ ಹಿರೇಕೊಳಲೆ ಕೆರೆಗೆ ಫೆಬ್ರವರಿಯ ಒಂದು ಬೆಳಗ್ಗೆ ಕೆಲವರು ವಿದ್ಯಾರ್ಥಿಗಳೊಡನೆ ನಾವು ಹೋಗಿದ್ದೆವು. ಪಟ್ಟಣಕ್ಕೆ ಕುಡಿಯುವ ನೀರನ್ನೊದಗಿಸುವ ಕೆರೆಯಾದುದರಿಂದ ನೀರಿಗಿಳಿಯಕೂಡದೆಂದು ಮೊದಲೇ ನಿಶ್ಚಯಿಸಿದ್ದೆವು.

ಏರಿಯ ಮೇಲೆ ನಿಂತು ನೋಡಿದಾಗ, ನೀರು ಇಳಿದಿದ್ದ ದಂಡೆಯ ಮೇಲೆ ಒಂದರ ಕೆಳಗೊಂದು ಗೆರೆಗಳು ಕಂಡುವು. ಇವು ಹೇಗೆ ಮೂಡಿದವು? ನಿಂತ ನೀರಿನ ಮೇಲ್ಮೈ ಎಲ್ಲೆಡೆಯೂ ಒಂದೇ ಮಟ್ಟದಲ್ಲಿರುತ್ತದೆ. ಆದುದರಿಂದ ನೀರು ನೆಲವನ್ನು ಮುಟ್ಟುವ ಅಂಚು ಸಮಾನ ಎತ್ತರದ ಸ್ಥಳಗಳನ್ನು ಜೋಡಿಸುವ ರೇಖೆಯಾಗುತ್ತದೆ. ಭೂಪಟಗಳಲ್ಲಿ ಇದಕ್ಕೆ ಸಮೋನ್ನತ ರೇಖೆಯೆಂದು ಹೆಸರು. ಭೂಮಿಯ ಸಾಂದ್ರತೆಯನ್ನರಿಯಲು 1774ರಲ್ಲಿ ಸ್ಕಾಟ್ಲೆಂಡಿನ ಶೀಹ್ಯಾಲಿಯನ್ ಬೆಟ್ಟದಲ್ಲಿ ಆರಂಭಿಸಿದ ಅಳತೆಗಳನ್ನು ಲೆಕ್ಕಹಾಕುವಾಗ ಚಾರ್ಲ್ಸ್ ಹಟನ್ ಎಂಬ ಗಣಿತಜ್ಞನು ಇಂತಹ ರೇಖೆಗಳನ್ನು ಬಳಸಿದನು. ಅವನು ಕಾಗದದ ಮೇಲೆ ಎಳೆದುದನ್ನು ಬೇಸಗೆಯ ಕೆರೆಯು ನೆಲದ ಮೇಲೆಯೇ ಬರೆದು ತೋರಿಸುತ್ತದೆ.

ಕೆರೆಯ ಸುತ್ತಿನ ನಡಿಗೆ ಸುಲಭವಾಗಿರುವ ಕಾರಣವೂ ಇದೇ. 60 ಕಿಲೋಗ್ರಾಂ ತೂಕದ ಮನುಷ್ಯನು 100 ಮೀಟರ್ ಎತ್ತರ ಏರಿದರೆ ಗುರುತ್ವಾಕರ್ಷಣಕ್ಕೆ ಎದುರಾಗಿ ಸುಮಾರು 59,000 ಜೌಲ್ ಕೆಲಸ ಮಾಡಬೇಕು. ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು, ಉಳಿದುದು ಶಾಖವಾಗುತ್ತದೆ. ಇಳಿಯುವಾಗ ಈ ಶಕ್ತಿ ನಮಗೆ ಮರಳಿ ದೊರೆಯುವುದೇ? ಇಲ್ಲ. ದೇಹವನ್ನು ತಡೆತಡೆದು ಇಳಿಸುವುದಕ್ಕೂ ಸ್ನಾಯುಗಳು ಶ್ರಮಿಸಬೇಕಾಗುತ್ತದೆ. ಕೆರೆಯಂಚಿನಲ್ಲಿ ಏರುವುದೂ ಅಲ್ಪ, ಇಳಿಯುವುದೂ ಅಲ್ಪ.

ಈ ಗೆರೆಗಳು ಇನ್ನೊಂದು ವಿಷಯವನ್ನೂ ತಿಳಿಸುತ್ತವೆ. ಅವು ಒತ್ತೊತ್ತಾಗಿದ್ದಲ್ಲಿ ದಂಡೆ ಕಡಿದು. ದೂರದೂರವಿದ್ದಲ್ಲಿ ಇಳಿಜಾರು ಅತಿ ಕಡಿಮೆ. ಹಳ್ಳವೊಂದು ಕೆರೆಗೆ ಸೇರುವೆಡೆ ನೀರಿನ ವೇಗ ಕುಗ್ಗಿ ಹೂಳು ತಂಗುವುದರಿಂದ ನೆಲ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಇದನ್ನು ಏರಿಯ ಮೇಲೆಯೇ ವಿವರಿಸಬೇಕಾಗಿದ್ದಿತು. ನಾವು ಹಾಗೆ ಮಾಡಲಿಲ್ಲ.

ಅಂತಹ ಒಂದು ಮೂಲೆಗೆ ಬಂದಾಗ ವಿದ್ಯಾರ್ಥಿಯೊಬ್ಬನು, “ಆಚೆಯ ದಂಡೆ ಇಲ್ಲಿಯೇ ಇದೆಯಲ್ಲ ಸಾರ್, ಅಡ್ಡ ಹಾಯೋಣ” ಎಂದು ಒಣಗಿ ಬಿರಿದಿದ್ದ ಮಣ್ಣಿನ ಮೇಲೆ ಹೆಜ್ಜೆಯಿಟ್ಟನು. ನಾವು ಬೇಡವೆನ್ನುವಷ್ಟರಲ್ಲಿ ಹತ್ತು ಮಾರು ಹೋಗಿ, ಮೊಣಕಾಲವರೆಗೆ ಹೂತುಹೋದನು. ಹೊರಗೆಳೆಯಲು ಹೆಣಗಿದಷ್ಟೂ ಇನ್ನೊಂದು ಕಾಲು ಆಳಕ್ಕಿಳಿಯಿತು. ಅವನ ಮುಖ ಬಿಳಿಚಿಕೊಂಡಿತು.

ಒಂದು ಅಂಗಾಲಿನ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್ ಎನ್ನೋಣ. 60 ಕಿಲೋಗ್ರಾಂ ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 300 ಗ್ರಾಂ ಭಾರ. ಮೇಲಿನ ತೆಳುವಾದ ಒಣಪದರ ಇದನ್ನು ತಡೆಯಲಾರದು. ಅದೇ ಮನುಷ್ಯನು ಮಲಗಿ 4,000 ಚದರ ಸೆಂಟಿಮೀಟರಿನಷ್ಟು ನೆಲವನ್ನು ಆವರಿಸಿದರೆ ಭಾರ 15 ಗ್ರಾಂಗೆ ಇಳಿಯುತ್ತದೆ. ನಾವು ಹುಡುಗನಿಗೆ ಹಿಂದಕ್ಕೆ ಒರಗುವಂತೆ ಕೂಗಿ ಹೇಳಿ, ಬಿದ್ದಿದ್ದ ಒಣ ಕೊಂಬೆಗಳನ್ನು ಅವನತ್ತ ಹಾಸಿದೆವು. ಕಾಲನ್ನು ಥಟ್ಟನೆ ಎಳೆದರೆ ಅಂಗಾಲಿನಡಿಯಲ್ಲಿ ಒತ್ತಡ ಕುಗ್ಗಿ ಕೆಸರು ಕಚ್ಚಿಕೊಳ್ಳುತ್ತದೆ. ಮೆಲ್ಲಮೆಲ್ಲನೆ ಅಲುಗಿಸಿದರೆ ನೀರೂ ಗಾಳಿಯೂ ಒಳನುಗ್ಗಿ ಹಿಡಿತ ಸಡಿಲುತ್ತದೆ. ಹೀಗೆ ಅವನು ಹೊರಬಂದನು; ಪಾದರಕ್ಷೆಯೊಂದು ಮಾತ್ರ ಕೆರೆಯ ಪಾಲಾಯಿತು.

ಬಳಿಕ ಮೂಲೆಯನ್ನು ಸುತ್ತಿಯೇ ನಡೆದೆವು. ಅವನು ಹೆಜ್ಜೆಗಳನ್ನು ಎಣಿಸಿದನು. ಹೆಜ್ಜೆಗೆ 70 ಸೆಂಟಿಮೀಟರಿನಂತೆ 1,000 ಹೆಜ್ಜೆಗಳಾದರೂ 700 ಮೀಟರ್ ಅಷ್ಟೆ. ಹತ್ತು ನಿಮಿಷದ ದಾರಿ. ಕೆಸರಿನಲ್ಲಿ ನಾವು ಕಳೆದ ಹೊತ್ತು ಅದಕ್ಕಿಂತ ಹೆಚ್ಚು. ಕೆರೆಯನ್ನು ಸುತ್ತಬಯಸುವ ವಾಚಕರು ಗೆರೆಗಳನ್ನು ನೋಡಿಯೇ ಹೆಜ್ಜೆಯಿಡಲಿ. ಅವು ಅಗಲವಾಗಿ ಹರಡಿದ ಕಡೆ ಮೇಲಿನ ಗಟ್ಟಿ ನೆಲವನ್ನು ಹಿಡಿಯಲಿ. ಅಲ್ಲಿ ಬಳಸುದಾರಿಯೇ ಹತ್ತಿರದ ದಾರಿ.