ಎಂಜಿನ್ ಬಿಡಿಭಾಗ: ತಪಾಸಣೆಯೊಂದೇ ಸಾಲದು

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಬರೀ ಪಠ್ಯದ ಹೆಸರಲ್ಲ. ದೋಷ ಪತ್ತೆಯಾದಾಗ ಅದು ಹೊರಡಿಸುವ ಕಡ್ಡಾಯ ಆದೇಶಕ್ಕೆ 'ವಾಯುಯೋಗ್ಯತಾ ನಿರ್ದೇಶನ' ಎನ್ನುತ್ತಾರೆ. ತಯಾರಕರ ಸೇವಾ ಸೂಚನೆ ಸಲಹೆಯಾದರೆ, ಇದು ಕಾನೂನು. 2018ರ ಮಾರ್ಚ್‌ನಲ್ಲಿ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳಿದ್ದ 11 ಎ320 ನಿಯೋ ವಿಮಾನಗಳನ್ನು (ಇಂಡಿಗೋ 8, ಗೋಏರ್ 3) ಡಿಜಿಸಿಎ ನೆಲಕ್ಕಿಳಿಸಿತು. 2019ರ ನವೆಂಬರ್‌ನಲ್ಲಿ ಇಂಡಿಗೋದ 97 ವಿಮಾನಗಳ ಎಂಜಿನ್‌ಗಳನ್ನು ಮಾರ್ಪಡಿಸಿದವುಗಳಿಂದ ಬದಲಿಸಲು 2020ರ ಜನವರಿ 31ರ ಗಡುವು ನೀಡಿತು.

ವಿಮಾನ ನಿಂತರೆ ಪ್ರಯಾಣಿಕರಿಗೆ ತೊಂದರೆ, ಟಿಕೆಟ್ ದುಬಾರಿ ಎಂಬ ಆಕ್ಷೇಪ ಸುಳ್ಳಲ್ಲ. ಬಿಡಿ ಎಂಜಿನ್‌ಗಳು ಸಾಲದಿದ್ದಾಗ ಗಡುವು ಮೇ 31ಕ್ಕೆ ಸರಿಯಿತು. ಆದರೆ ತಡಮಾಡಿದರೆ ತೆರಬೇಕಾದ ಬೆಲೆಗೆ ಉದಾಹರಣೆ ಅಮೆರಿಕದಲ್ಲಿದೆ. 2016ರಲ್ಲಿ ಸೌತ್‌ವೆಸ್ಟ್ ವಿಮಾನಯಾನ ಸಂಸ್ಥೆಯ ವಿಮಾನವೊಂದರ ಎಂಜಿನ್ ಫ್ಯಾನ್ ಅಲಗು ಲೋಹದ ದಣಿವಿನಿಂದ ಮುರಿಯಿತು. ತಪಾಸಣೆಯ ನಿಯಮ 2017ರಲ್ಲಿ ಕರಡಾಗಿಯೇ ಉಳಿಯಿತು. 2018ರ ಏಪ್ರಿಲ್ 17ರಂದು ಅದೇ ಸಂಸ್ಥೆಯ ಮತ್ತೊಂದು ವಿಮಾನದಲ್ಲಿ ಅಲಗು ಮುರಿದು ಪ್ರಯಾಣಿಕರೊಬ್ಬರು ಸತ್ತರು. ತುರ್ತು ಆದೇಶ ಬರಲು ಆಮೇಲೆ ಮೂರೇ ದಿನ ಸಾಕಾಯಿತು! ಲೋಹದ ದಣಿವಿನಿಂದ ಮೂಡುವ ಬಿರುಕು ಬರಿಗಣ್ಣಿಗೆ ಕಾಣದು, ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು. ವಿನ್ಯಾಸದಲ್ಲೇ ದೋಷವಿದ್ದರೆ ಪರೀಕ್ಷೆ ಕಾಲಾವಕಾಶ ಕೊಡುತ್ತದಷ್ಟೇ, ಭಾಗ ಬದಲಾಗಲೇಬೇಕು. ಇಂಥ ಆದೇಶ ಹೊರಡಿಸುವ ಡಿಜಿಸಿಎಗೆ ಶಾಸನಬದ್ಧ ಸ್ಥಾನ ಸಿಕ್ಕಿದ್ದು 1934ರ ವಿಮಾನ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಿಂದ. ಆ ಕಾಯ್ದೆಯ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ, 2024 ಜಾರಿಯಾದದ್ದು 2025ರ ಜನವರಿ 1ರಂದು.