ಕರುಳಿನ ಉರಿಯೂತ ಮತ್ತು ಲೋಹದ ಸೂಕ್ಷ್ಮ ಕಣಗಳು

ಮಲದಲ್ಲಿ ರಕ್ತ ಮತ್ತು ಲೋಳೆ, ಹೊಟ್ಟೆನೋವು, ಪದೇ ಪದೇ ಭೇದಿ ಕಂಡುಬಂದರೆ ಅದನ್ನು ಆಮಶಂಕೆಯೆಂದೋ ಮೂಲವ್ಯಾಧಿಯೆಂದೋ ಭಾವಿಸುವುದು ವಾಡಿಕೆ. ಅನೇಕ ವೇಳೆ ಅದು ನಿಜವೂ ಹೌದು. ಆದರೆ ತೊಂದರೆಯು ವಾರಗಟ್ಟಲೆ ಮುಂದುವರಿದು, ತೂಕ ಇಳಿದು, ರಕ್ತಹೀನತೆ ತಲೆದೋರಿದರೆ ಅದು ದೀರ್ಘಕಾಲದ ಕರುಳಿನ ಉರಿಯೂತವಿರಬಹುದು.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪೊರೆಯಲ್ಲಿ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಯಿಂದ ಗುದದ್ವಾರದವರೆಗೆ ಅನ್ನಮಾರ್ಗದ ಯಾವ ಭಾಗದಲ್ಲಾದರೂ ಕಾಣಿಸಿಕೊಂಡು ಗೋಡೆಯ ಆಳಕ್ಕೆ ಇಳಿಯುವುದು ಕ್ರೋನ್ಸ್ ರೋಗ. ಇದನ್ನು 1932ರಲ್ಲಿ ಅಮೆರಿಕದ ವೈದ್ಯ ಕ್ರೋನ್ ಮತ್ತು ಅವರ ಸಂಗಡಿಗರು ವಿವರಿಸಿದರು. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಇಲ್ಲಿ ಕರುಳಿಗೆ ಹಾನಿ ಮಾಡುತ್ತದೆ.

ಕಣಗಳ ಕಾರ್ಯ

ಉರಿಯೂತವಿರುವ ಕರುಳಿನಲ್ಲಿ ಆಮ್ಲಜನಕದ ತೀಕ್ಷ್ಣ ಸಂಯುಕ್ತಗಳು ಮಿತಿಮೀರಿ ಹುಟ್ಟಿ ಜೀವಕೋಶಗಳನ್ನು ಕೆಡಿಸುತ್ತವೆ. ಇವುಗಳನ್ನು ಅಡಗಿಸಲು ಸೀರಿಯಂ ಆಕ್ಸೈಡ್, ಪ್ಲಾಟಿನಂ, ಚಿನ್ನ ಮುಂತಾದವುಗಳ ನ್ಯಾನೋ ಕಣಗಳನ್ನು ವಿಜ್ಞಾನಿಗಳು ಇಲಿಗಳಲ್ಲಿ ಪರೀಕ್ಷಿಸಿದ್ದಾರೆ. ಈ ಕಣಗಳ ಗಾತ್ರ 1ರಿಂದ 100 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸೀರಿಯಂ ಕಣವು ಆ ಸಂಯುಕ್ತಗಳನ್ನು ನಿರ್ವಿಷಗೊಳಿಸಿ, ಮತ್ತೆ ಮೊದಲಿನ ಸ್ಥಿತಿಗೆ ಬಂದು, ಅದೇ ಕೆಲಸವನ್ನು ಪುನಃ ಮಾಡಬಲ್ಲದು. ಹೀಗೆ ಕೆಲವು ಪ್ರಯೋಗಗಳಲ್ಲಿ ಇಲಿಗಳ ಉರಿಯೂತ ತಗ್ಗಿದೆ.

ಎಚ್ಚರಿಕೆ ಏಕೆ?

ಇಲಿಗೆ ರಾಸಾಯನಿಕ ಕುಡಿಸಿ ಕೆಲವೇ ದಿನಗಳಲ್ಲಿ ಬರಿಸಿದ ರೋಗವೂ ಮನುಷ್ಯನನ್ನು ವರ್ಷಗಟ್ಟಲೆ ಕಾಡುವ ರೋಗವೂ ಒಂದೇ ಅಲ್ಲ. ಲೋಹದ ಕಣಗಳೆಲ್ಲ ಹಿತಕರವೂ ಅಲ್ಲ. ಟೈಟಾನಿಯಂ ಡೈಆಕ್ಸೈಡ್ ಕಣಗಳು ಇಲಿಗಳ ಕರುಳಿನ ಉರಿಯೂತವನ್ನು ಹೆಚ್ಚಿಸಿದುದನ್ನು 2017ರಲ್ಲಿ ಜ್ಯೂರಿಚ್ ವಿಜ್ಞಾನಿಗಳು ಪ್ರಕಟಿಸಿದರು. ಬೆಳ್ಳಿಯನ್ನು ಬಹುಕಾಲ ಸೇವಿಸಿದರೆ ಚರ್ಮವು ಶಾಶ್ವತವಾಗಿ ನೀಲಿಬೂದು ಬಣ್ಣಕ್ಕೆ ತಿರುಗಬಹುದು.

ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಕೊಲೈಟಿಸ್ ಇರುವ ಗರ್ಭಿಣಿಯೊಬ್ಬರು ಮಗುವಿಗೆ ಕೇಡಾದೀತೆಂದು ಹೆದರಿ ಗುಳಿಗೆ ನಿಲ್ಲಿಸಿ, ನೆಂಟರು ತಂದುಕೊಟ್ಟ 'ಬೆಳ್ಳಿ ನೀರು' ಕುಡಿಯತೊಡಗಿದ್ದರು. ರಕ್ತಸ್ರಾವ ಮರುಕಳಿಸಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಗರ್ಭಿಣಿಯಲ್ಲಿ ಹತೋಟಿ ತಪ್ಪಿದ ರೋಗವೇ ತಾಯಿ-ಮಗುವಿಗೆ ಹೆಚ್ಚಿನ ಅಪಾಯವೆಂಬುದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ.

ನೆನಪಿಡಬೇಕಾದ ಅಂಶಗಳು

1. ಮಲದಲ್ಲಿ ರಕ್ತ ಕಂಡರೆ ಸಂಕೋಚಪಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಅಮೀಬಾ ಸೋಂಕು ಮತ್ತು ಕರುಳಿನ ಕ್ಷಯವೂ ಇದೇ ಲಕ್ಷಣಗಳನ್ನು ತೋರಬಹುದಾದ್ದರಿಂದ ಪರೀಕ್ಷೆ ಅವಶ್ಯಕ.

2. ಮೆಸಲಮಿನ್, ಸಲ್ಫಾಸಲಜಿನ್, ಸ್ಟಿರಾಯ್ಡ್ ಮುಂತಾದ ಔಷಧಗಳನ್ನು ವೈದ್ಯರು ಹೇಳಿದಂತೆಯೇ ಸೇವಿಸಿರಿ. ತಾವಾಗಿ ನಿಲ್ಲಿಸಬಾರದು.

3. ಗರ್ಭಧಾರಣೆಗೆ ಮುನ್ನವೇ ವೈದ್ಯರನ್ನು ಕಾಣಿರಿ. ಮೆಥೊಟ್ರೆಕ್ಸೇಟ್‌ನಂತಹ ಔಷಧವನ್ನು ಮುಂಚಿತವಾಗಿ ಬದಲಾಯಿಸಬೇಕಾಗುತ್ತದೆ.

4. ಬೆಳ್ಳಿ, ಚಿನ್ನದ ಹೆಸರಿನಲ್ಲಿ ಮಾರುವ ದ್ರಾವಣಗಳನ್ನು ಈ ರೋಗಕ್ಕೆ ಮದ್ದೆಂದು ಕೊಳ್ಳಬೇಡಿರಿ.

ಲೋಹದ ಕಣಗಳು ಮುಂದೊಂದು ದಿನ ಔಷಧವಾಗಬಹುದು. ಅಲ್ಲಿಯವರೆಗೆ ಕೈಯಲ್ಲಿರುವ ಗುಳಿಗೆಯನ್ನು ಬಿಡದಿರುವುದೇ ಜಾಣತನ.