ಉಡುಗೊರೆಯ ಗಂಟು

ವಿದ್ಯಾರ್ಥಿಗಳೇ, ಉಡುಗೊರೆಯೆಂಬುದು ಪ್ರೀತಿಯ ಗುರುತು. ಆದರೆ ಅದಕ್ಕೆ ಸುತ್ತಿದ ಬಣ್ಣದ ಕಾಗದದ ಆಯುಷ್ಯವೆಷ್ಟು? ಗಳಿಗೆ ಮಾತ್ರ. ಹೊಳೆಯುವ ಕಾಗದಕ್ಕೆ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನ ಇಲ್ಲವೆ ಲೋಹದ ತೆಳುಪೊರೆ ಅಂಟಿರುತ್ತದೆ. ಪೊರೆಯನ್ನು ಬೇರ್ಪಡಿಸುವುದು ಕಷ್ಟವಾದುದರಿಂದ ಅದರಿಂದ ಮರಳಿ ಕಾಗದ ಮಾಡುವುದು ದುಸ್ತರ. ಮಣ್ಣಿನಲ್ಲಿಯೂ ಅದು ಪೂರ್ಣವಾಗಿ ಕೊಳೆಯದು. ಭಾರತ ಸರಕಾರವು 2022ರ ಜುಲೈ 1ರಿಂದ ನಿಷೇಧಿಸಿದ ವಸ್ತುಗಳಲ್ಲಿ ಮಿಠಾಯಿ ಪೆಟ್ಟಿಗೆ ಹಾಗೂ ಆಮಂತ್ರಣ ಪತ್ರಿಕೆಗಳಿಗೆ ಸುತ್ತುವ ಪ್ಲಾಸ್ಟಿಕ್ ಪೊರೆಯೂ ಸೇರಿದೆ.

ಹಾಗಾದರೆ ಉಡುಗೊರೆಯನ್ನು ಯಾವುದರಲ್ಲಿ ಸುತ್ತಬೇಕು? ಉತ್ತರವು ನಮ್ಮ ಮನೆಯಲ್ಲಿಯೇ ಇದೆ. ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕನ್ನಡ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅಡಿಕೆಗಳೊಡನೆ ಖಣವನ್ನು ಕೊಡುವರು. ಆ ಖಣವು ಮುಂದೆ ಕುಪ್ಪಸವಾಗಿ ವರ್ಷಗಟ್ಟಲೆ ಬಾಳುವುದು. ಹೊಲಕ್ಕೆ ಹೋಗುವ ರೊಟ್ಟಿಯ ಬುತ್ತಿಯೂ ಬಟ್ಟೆಯಲ್ಲಿಯೇ ಕಟ್ಟಲ್ಪಡುತ್ತಿತ್ತು. ಮದುವೆಯ ಆಯಾರದಲ್ಲಿ ಟಾವೆಲ್ಲಿಗೆ ಇಂದಿಗೂ ಮಾನವಿದೆ. ಸೊಲ್ಲಾಪುರವಂತೂ ನೇಕಾರರ ಊರು. ಇಲ್ಲಿಯ ಚಾದರ, ಟಾವೆಲ್ಲುಗಳೆರಡೂ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿವೆ. ಟಾವೆಲ್ಲಿನಲ್ಲಿ ಪುಸ್ತಕವನ್ನು ಸುತ್ತಿ ಕೊಟ್ಟರೆ ಹೊದಿಕೆಯೇ ಎರಡನೆಯ ಉಡುಗೊರೆಯಾಗುವುದು.

ಜಪಾನಿನಲ್ಲಿ ಇಂಥ ಬಟ್ಟೆಗೆ ‘ಫುರೊಶಿಕಿ’ ಎಂದು ಹೆಸರು. ಚೀಲಗಳ ಬಳಕೆಯಿಂದ ಮರೆಯಾಗುತ್ತಿದ್ದ ಆ ಪದ್ಧತಿಯನ್ನು 2006ರಲ್ಲಿ ಅಲ್ಲಿಯ ಪರಿಸರ ಸಚಿವೆ ಯುರಿಕೊ ಕೊಯಿಕೆಯವರು ಮತ್ತೆ ಪ್ರಚಾರಕ್ಕೆ ತಂದರು.

ಕಟ್ಟುವ ಕ್ರಮ:

1. ಚೌಕಾಕಾರದ ಬಟ್ಟೆಯನ್ನು ಆರಿಸಿರಿ. ಅದರ ಕರ್ಣವು ವಸ್ತುವಿನ ಅಗಲದ ಮೂರರಷ್ಟಿರಲಿ.

2. ಒಂದು ಮೂಲೆ ನಿಮ್ಮೆಡೆಗೆ ಬರುವಂತೆ ಬಟ್ಟೆಯನ್ನು ಹಾಸಿ, ವಸ್ತುವನ್ನು ನಡುವೆ ಇಡಿರಿ.

3. ಹತ್ತಿರದ ಮೂಲೆಯನ್ನು ವಸ್ತುವಿನ ಮೇಲೆ ಹೊದಿಸಿರಿ. ಎದುರಿನ ಮೂಲೆಯನ್ನು ಅದರ ಮೇಲೆ ತನ್ನಿರಿ.

4. ಉಳಿದೆರಡು ಮೂಲೆಗಳನ್ನು ಗಂಟು ಹಾಕಿರಿ. ಮೊದಲು ಎಡತುದಿಯನ್ನು ಬಲತುದಿಯ ಮೇಲೆ, ಬಳಿಕ ಬಲತುದಿಯನ್ನು ಎಡತುದಿಯ ಮೇಲೆ ತಂದು ಬಿಗಿಯಬೇಕು. ಈ ಗಂಟು ಚಪ್ಪಟೆಯಾಗಿ ಕೂಡುತ್ತದೆ, ಸುಲಭವಾಗಿ ಬಿಚ್ಚುತ್ತದೆ. ಎರಡು ಸಲವೂ ಒಂದೇ ಕಡೆಯಿಂದ ತಂದರೆ ಗಂಟು ಓರೆಯಾಗಿ ಜಾರುವುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒಂದು ಕಿಲೋ ಹತ್ತಿ ಬೆಳೆಯಲು ಸಾವಿರಾರು ಲೀಟರು ನೀರು ಬೇಕು. ಬರವನ್ನು ಮೇಲಿಂದ ಮೇಲೆ ಕಂಡ ನಮ್ಮ ಜಿಲ್ಲೆಯವರಿಗೆ ನೀರಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಪ್ರತಿಸಲವೂ ಹೊಸ ಬಟ್ಟೆ ಕೊಂಡು, ಅದನ್ನೂ ಮೂಲೆಗೆಸೆದರೆ ಕಾಗದಕ್ಕಿಂತ ಹೆಚ್ಚಿನ ಹಾನಿಯಾದೀತು. ಬಟ್ಟೆಯ ಗುಣವಿರುವುದು ಅದರ ಮರುಬಳಕೆಯಲ್ಲಿ. ಆದುದರಿಂದ ತಾಯಿಯ ಹಳೆಯ ಇಳಕಲ್ ಸೀರೆಯ ಗಟ್ಟಿ ಭಾಗ, ದರ್ಜಿಯಲ್ಲಿ ಉಳಿದ ತುಂಡು ಇವುಗಳನ್ನೇ ಮೊದಲು ಹುಡುಕತಕ್ಕದ್ದು. ಒಗೆದು, ಅಂಚು ಮಡಚಿ ಹೊಲಿದರೆ ಸಾಕು.

ಪಾಲಕರಲ್ಲಿಯೂ ಒಂದು ಬಿನ್ನಹ. ಬಣ್ಣದ ಕಾಗದಕ್ಕೆ ಹಣವಿಲ್ಲವೆಂದು ಯಾವ ಮಗುವೂ ಗೆಳೆಯನ ಹುಟ್ಟುಹಬ್ಬಕ್ಕೆ ಹೋಗಲು ಹಿಂಜರಿಯಬಾರದು. ಶುಭ್ರವಾದ ಹಳೆಯ ಬಟ್ಟೆಯಲ್ಲಿ ಕಟ್ಟಿದ ಉಡುಗೊರೆಯನ್ನು ಹಿರಿಯರು ಆದರದಿಂದ ಸ್ವೀಕರಿಸಿದರೆ ಮಕ್ಕಳೂ ಅದನ್ನೇ ಕಲಿಯುವರು. ಬರುವ ಸಂಕ್ರಾಂತಿಗೆ ಎಳ್ಳುಬೆಲ್ಲವನ್ನು ಚಿಕ್ಕ ಬಟ್ಟೆಯ ಗಂಟಿನಲ್ಲಿ ಕಟ್ಟಿ ನೆರೆಮನೆಗೆ ಕೊಡಿರಿ. ಆ ಬಟ್ಟೆ ಮುಂದಿನ ಹಬ್ಬಕ್ಕೆ ಇನ್ನೊಂದು ಮನೆಗೆ ನಡೆಯಲಿ.